ಟ್ಯಾನರಿ ಫೀಲ್ಡಿನ ಮೂರು ಹೆಜ್ಜೆ

ನಮ್ಮ ವೇಬರ್ನ್ ಊರಿನ ಬೇಸ್‌ಬಾಲ್ ಮೈದಾನ ಟ್ಯಾನರಿ ಫೀಲ್ಡನ್ನು ಕೆಡವಿ ಮೂವತ್ತು ವರ್ಷವಾಯಿತು. ಈಗ ಅದು ದಿನಸಿ ಅಂಗಡಿಗೆ ಬಂದವರು ಕಾರು ನಿಲ್ಲಿಸುವ ಜಾಗ. ಆದರೆ ಬಲಗಡೆ ಬೇಲಿಯ ಮೇಲಿದ್ದ ಸ್ಕೋರ್‌ಬೋರ್ಡಿನಲ್ಲಿ ಹದಿನೇಳು ಬೇಸಿಗೆ ತಗಡಿನ ಅಂಕಿ ನೇತುಹಾಕಿದವಳು ನಾನು, ವಿಲ್ಡಾ. ಅಲ್ಲಿ ಯಾರಾದರೂ ಕಾರು ನಿಲ್ಲಿಸಿದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಕಳೆದ ವಸಂತದಲ್ಲಿ ನಗರಸಭೆಗೆ ಬುದ್ಧಿ ಬಂತು. ಬ್ಯಾಟು ಹಿಡಿದವನು ನಿಲ್ಲುತ್ತಿದ್ದ ಹೋಮ್ ಪ್ಲೇಟಿನ ಜಾಗದಲ್ಲಿ ಕಂಚಿನ ಫಲಕ ಹಾಕುತ್ತೇವೆ ಎಂದರು. ಎಂಜಿನಿಯರಮ್ಮ ಹಳೆಯ ನಕ್ಷೆ ನೋಡಿ ಅಳೆದು ಬಿಳಿ ಗುರುತು ಹಾಕಿದರು. ಸಮಾರಂಭಕ್ಕೆ ಊರಿಗೆ ಊರೇ ನೆರೆಯಿತು. ನಾನು ಅಟ್ಟದಿಂದ ನನ್ನ ತಗಡುಗಳನ್ನು ಇಳಿಸಿ, ತಿಕ್ಕಿ ತೊಳೆದು, ಹಲಗೆಯೊಂದಕ್ಕೆ ನೇತುಹಾಕಿಕೊಂಡು ಹೋಗಿದ್ದೆ: ವೇಬರ್ನ್ ನಾಲ್ಕು, ಗ್ರೇಸನ್ ಮೂರು. 1961ರ ಫೈನಲ್. ನಮ್ಮೂರು ಗೆದ್ದ ಒಂದೇ ಒಂದು ಕಪ್.

ಅವತ್ತು ನಾವು ಎರಡು, ಅವರು ಮೂರು. ನಮ್ಮ ಕೊನೆಯ ಸರದಿ, ಇನ್ನೊಬ್ಬ ಔಟಾದರೆ ಮುಗಿಯಿತು. ನಮ್ಮ ಎಡಗೈ ಆಟಗಾರ ಬೀಸಿ ಹೊಡೆದ ಚೆಂಡು ಬೇಲಿ ಹತ್ತಿ ನಿಂತಿದ್ದ ಗ್ರೇಸನ್ನಿನವನ ಕೈಗವಸನ್ನು ಸವರಿಕೊಂಡು ಆಚೆ, ನನ್ನ ಕಾಲ ಕೆಳಗೇ ಬಿತ್ತು. ಬೇಸಿನಲ್ಲಿ ಕಾಯುತ್ತಿದ್ದ ನಮ್ಮವನೂ ಹೊಡೆದವನೂ ಓಡಿ ಬಂದರು: ಎರಡು ರನ್ನು. ಆ ಚೆಂಡು ಎಸೆದಿದ್ದು ಗ್ರೇಸನ್ನಿನ ಕ್ಲೆಮ್ ವೋಸ್‌ಬರ್ಗ್. ಅವನ ಗ್ರಹಚಾರ, ನಮ್ಮೂರ ಹುಡುಗಿಯನ್ನೇ ಮದುವೆಯಾಗಿ ಇಲ್ಲೇ ನೆಲೆಸಿದ. ಅರುವತ್ತು ವರ್ಷ ಹೋಟೆಲಿನಲ್ಲಿ, ಚರ್ಚಿನ ಬಾಗಿಲಲ್ಲಿ, ಕಡೆಗೆ ಹೆಂಡತಿಯ ಅಂತ್ಯಸಂಸ್ಕಾರದ ದಿನವೂ ಅವನನ್ನು ಕೆಣಕದೆ ಬಿಟ್ಟವರಿಲ್ಲ. ಎಲ್ಲರಿಗಿಂತ ಹೆಚ್ಚು ಕೆಣಕಿದವಳು ನಾನೇ.

"ಏನೋ ಕ್ಲೆಮ್, ಆ ಚೆಂಡು ಇನ್ನೂ ಕೆಳಗಿಳಿದಿಲ್ವಂತೆ?" ಎಂದೆ, ಸಮಾರಂಭದ ದಿನವೂ.

"ಇಳಿಯತ್ತೆ ಬಿಡೇ. ನಿನ್ನ ತಲೆ ಹುಡುಕ್ತಿದೆ."

ಅಷ್ಟರಲ್ಲಿ ಕೋಲೂರಿಕೊಂಡು ಲೂಥರ್ ಪೆಟಿಗ್ರೂ ಬಂದ. ಮೂವತ್ತೊಂದು ವರ್ಷ ಆ ಮೈದಾನದ ಮಣ್ಣು ನೋಡಿಕೊಂಡವನು. ಕೆಡವುವಾಗ ಅವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಫಲಕವಾದರೂ ಸರಿಯಾದ ಜಾಗದಲ್ಲಿ ಕೂರಬೇಕು, ಅದನ್ನು ನೋಡಿಯೇ ಸಾಯಬೇಕು ಎಂದು ತಿಂಗಳಿಂದ ಜಪ ಮಾಡುತ್ತಿದ್ದ. ಬಿಳಿ ಗುರುತು ನೋಡಿದವನೇ ತಲೆಯಾಡಿಸಿದ.

"ಇಲ್ಲಿ ಅಲ್ಲಮ್ಮ."

"ಸರ್, 1938ರ ನಕ್ಷೇಲಿ ಇಲ್ಲೇ ಇದೆ," ಎಂದರು ಎಂಜಿನಿಯರಮ್ಮ.

"ನಕ್ಷೇಲಿರಬಹುದು. ನೆಲದಲ್ಲಿಲ್ಲ." ಬಲಬೇಲಿ ಇದ್ದ ದಿಕ್ಕಿಗೆ ಮೂರು ದೊಡ್ಡ ಹೆಜ್ಜೆ ಹಾಕಿ ಕೋಲಿನಿಂದ ಟಾರನ್ನು ಕುಟ್ಟಿದ. "ಇಲ್ಲಿ ಅಗೀರಿ."

ಮೇಯರ್ ಗಡಿಯಾರ ನೋಡಿಕೊಂಡರು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮುದುಕನ ಮುಖ ಕೆಂಪೇರಿತು.

"ಏನೂ ಸಿಗದಿದ್ರೆ ಎಲ್ಲರೆದುರು ನಾನು ಹುಚ್ಚ ಅಂತ ಒಪ್ಕೋತೀನಿ. ಅಗೀರಿ!"

ಅಗೆದರು. ಟಾರು ಹೋಯಿತು, ಜಲ್ಲಿ ಹೋಯಿತು. ಮೊಣಕಾಲುದ್ದಕ್ಕೆ ಇಳಿದಾಗ ಗುದ್ದಲಿಗೆ ಕೆಂಪು ಜೇಡಿ ಅಂಟಿತು. ಆಟಗಾರರ ಬೂಟು ನೆಲ ಕೆದಕದಂತೆ ಲೂಥರ್ ಸುಡದ ಜೇಡಿ ಇಟ್ಟಿಗೆ ಹಾಸುತ್ತಿದ್ದ. ಬ್ಯಾಟು ಹಿಡಿದವರು ನಿಲ್ಲಲು ಎಡಕ್ಕೊಂದು ಚೌಕ, ಬಲಕ್ಕೊಂದು ಚೌಕ, ನಡುವೆ ಪ್ಲೇಟು ಕೂರುತ್ತಿದ್ದ ಐದು ಮೂಲೆಯ ಗುಣಿ. ಇಟ್ಟಿದ್ದ ಹಾಗೇ ಇತ್ತು! ಜನ ಹೋ ಎಂದು ಕೂಗಿದರು. ಲೂಥರ್ ಗುಂಡಿಯ ಅಂಚಿನಲ್ಲಿ ಕೂತು ಆ ಮಣ್ಣನ್ನು ಮುಟ್ಟಿ ಮುಟ್ಟಿ ಅತ್ತ. ನಾನೂ ಅತ್ತೆ.

"ಹಾಗಾದ್ರೆ ನಕ್ಷೆ ಯಾಕೆ ತಪ್ಪಾಯ್ತು ಸರ್?" ಎಂಜಿನಿಯರಮ್ಮ ಕೇಳಿದರು.

ಅವನು ಸುಮ್ಮನಿದ್ದಿದ್ದರೆ ನಡೆದುಹೋಗುತ್ತಿತ್ತು. ಆದರೆ ಕಣ್ಣೊರೆಸಿಕೊಂಡು ನೇರ ಕ್ಲೆಮ್‌ನನ್ನೇ ನೋಡಿದ.

"ನಕ್ಷೆ ತಪ್ಪಿಲ್ಲ. ಅರುವತ್ತರ ಚಳಿಗಾಲದಲ್ಲಿ ನಾನೇ ಸರಿಸಿದ್ದು. ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ನಮ್ಮಲ್ಲಿ ಎಡಗೈಯವರೇ ಜಾಸ್ತಿ, ಅವ್ರು ಹೊಡೆದಿದ್ದು ಬಲಗಡೆಗೇ ಹೋಗೋದು, ಆ ಕಡೆ ಬೇಲಿ ಹತ್ರ ಮಾಡು ಅಂದ ಕೋಚು. ಬೇಲಿ ಕಿತ್ರೆ ಎಲ್ರಿಗೂ ಗೊತ್ತಾಗತ್ತೆ. ಅದಕ್ಕೇ ಪ್ಲೇಟು, ಬೇಸು, ಗೆರೆ ಎಲ್ಲಾನೂ ಮೂರು ಹೆಜ್ಜೆ ಬೇಲಿ ಕಡೆಗೆ ಜರುಗಿಸಿಬಿಟ್ಟೆ."

ಫೈನಲ್ಲಿನ ಆ ಚೆಂಡು ಬೇಲಿಯಿಂದ ಒಂದು ಹೆಜ್ಜೆ ಆಚೆಗೂ ಬಿದ್ದಿರಲಿಲ್ಲ. ಅದನ್ನು ಮೇಲಿನಿಂದ ಕಣ್ಣಾರೆ ಕಂಡವಳು ನಾನೊಬ್ಬಳೇ.

ಕ್ಲೆಮ್ ಗುಂಡಿಯ ಪಕ್ಕ ಬಂದು ನಿಂತು, ಬೇಲಿ ಇದ್ದ ಕಡೆ ಬಹಳ ಹೊತ್ತು ನೋಡಿದ.

"ಅಂದ್ರೆ ಅದು ಕ್ಯಾಚು."

"ಕಣ್ಣು ಮುಚ್ಕೊಂಡು ಹಿಡಿಯೋ ಕ್ಯಾಚು ಕಣೋ," ಎಂದ ಲೂಥರ್.

"ಅರುವತ್ತು ವರ್ಷ ಬಾಯಿ ಬಿಡಲಿಲ್ವಲ್ಲೋ, ಪಾಪಿ!"

"ಊರಿಗಿದ್ದಿದ್ದೇ ಒಂದು ಕಪ್, ಕ್ಲೆಮ್. ಹೇಗೆ ಹೇಳ್ಲಿ?"

ಕ್ಲೆಮ್ ಹೊಡೆಯುತ್ತಾನೆಂದೇ ಅಂದುಕೊಂಡೆ. ಅವನಿಗೆ ನಗು ಉಕ್ಕಿತು. "ಒಳ್ಳೇ ಚೆಂಡೇ ಎಸೆದಿದ್ದೆ ಕಣೇ ಅಂತ ನನ್ನವಳಿಗೆ ಹೇಳ್ತಾನೇ ಇದ್ದೆ. ಅವಳೊಬ್ಬಳು ನಂಬಿದ್ಲು."

ನಾನು ನನ್ನ ಹಲಗೆಯ ಹತ್ತಿರ ಹೋಗಿ ನಾಲ್ಕರ ತಗಡನ್ನು ಕೊಕ್ಕೆಯಿಂದ ತೆಗೆದೆ.

"ವಿಲ್ಡಾ, ಬೇಡ!" ಯಾರೋ ಕೂಗಿದರು.

"ಬಾಯ್ಮುಚ್ಚೋ. ಬೋರ್ಡು ನನ್ನದು."

ಎರಡರ ತಗಡು ಹುಡುಕಿ ನೇತುಹಾಕಿದೆ. ವೇಬರ್ನ್ ಎರಡು, ಗ್ರೇಸನ್ ಮೂರು. ಕ್ಲೆಮ್ ಟೋಪಿ ತೆಗೆದ. ಮೊದಲು ಚಪ್ಪಾಳೆ ತಟ್ಟಿದವನು ಲೂಥರ್. ಆಮೇಲೆ ಇಡೀ ವೇಬರ್ನ್ ಕ್ಲೆಮ್ ವೋಸ್‌ಬರ್ಗನ ಹೆಸರು ಕೂಗಿತು. ಟ್ಯಾನರಿ ಫೀಲ್ಡಿನಲ್ಲಿ ನಾವು ಗೆದ್ದ ದಿನವೂ ಅಷ್ಟು ದೊಡ್ಡ ಕೂಗು ನಾನು ಕೇಳಿರಲಿಲ್ಲ.