ಬಾಣಂತಿ ಖೋಲಿಯ ಎ.ಸಿ.

ಬೈಲಹೊಂಗಲದ ನಿಜಗುಣಪ್ಪನ ಮನೆಯ ಎ.ಸಿ. ಮತ್ತೆ ಬಂದ್ ಬಿತ್ತು. ಊಟವಾಗಿ ಎಲ್ಲರೂ ಅಡ್ಡಾಗುವ ಹೊತ್ತಿಗೇ ಮೀಟರ್ ಬೋರ್ಡಿನ ಎಂಸಿಬಿ ಸ್ವಿಚ್ಚು ಟಪ್ಪೆಂದು ಬೀಳುತ್ತಿತ್ತು, ಒಳಗೆ ಮಗಳು ಮೀನಾಳ ಕೂಸು ಕಿರುಚತೊಡಗುತ್ತಿತ್ತು. ಕೂಸಿನ ಮೈತುಂಬ ಬೆವರುಸಾಲೆ. ಖೋಲಿ ತಣ್ಣಗಿರಬೇಕೆಂದು ಡಾಕ್ಟರು ಹೇಳಿದ ಸುದ್ದಿ ಮುಟ್ಟಿದ್ದೇ ತಡ, ರಾಮದುರ್ಗದ ಬೀಗರು ಎ.ಸಿ. ಕೊಂಡು ಕಳಿಸಿಬಿಟ್ಟಿದ್ದರು.

ಅದು ನಿಜಗುಣಪ್ಪನ ಹೊಟ್ಟೆಯೊಳಗೆ ಸಣ್ಣಗೆ ಚುಚ್ಚಿತ್ತು. ಬಾಣಂತನ ಮಾಡುವವರು ತವರಿನವರು, ಗಾಳಿ ಮಾತ್ರ ಬೀಗರದು ಎಂದರೆ ಹೇಗೆ? ಹೀಗಾಗಿ ಎ.ಸಿ. ಕೆಟ್ಟಾಗ ಅವನಿಗೆ ಸಿಟ್ಟಿನ ಜೊತೆ ಒಂಚೂರು ಖುಷಿಯೂ ಆಗಿರಬೇಕು. ಬೀಗತಿ ಗುರುಬಸವ್ವನಿಗೆ ತಾನೇ ಫೋನು ಹಚ್ಚಿ, "ನೀವು ಕಳಿಸಿದ್ದು ಡಬ್ಬಾ ಮಾಲ್ ಐತ್ರಿ" ಎಂದು ಹೇಳಿಯೂ ಬಿಟ್ಟ.

ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಕಲ್ಮೇಶ ಮೇಲಿಂದ ಮೇಲೆ ಬಂದು ಹೋದ. ಎಂಸಿಬಿ ಬದಲಿಸಿದ, ಕೆಪಾಸಿಟರ್ ಬದಲಿಸಿದ, ವೈರಿನ ತುದಿಗಳನ್ನೆಲ್ಲ ಬಿಗಿ ಮಾಡಿದ. ಅವನು ನಿಂತಿರುವಷ್ಟು ಹೊತ್ತು ಎ.ಸಿ. ಸಾಲಿ ಹುಡುಗನ ಹಾಗೆ ಶಿಸ್ತಾಗಿ ನಡೆಯುತ್ತಿತ್ತು. ಅವನು ಹೋದ ಮೇಲೆ ಮತ್ತೆ ಟಪ್.

"ಅವ್ವಾರ, ಎ.ಸಿ. ಒಳಗಿನ ಜಾಳಗಿಗೆ ಇಷ್ಟು ಮಸಿ ಯಾಕ ಹತ್ತೇತ್ರಿ?" ಎಂದು ಒಮ್ಮೆ ಅವನು ನಿಜಗುಣಪ್ಪನ ಹೆಂಡತಿ ಸಿದ್ದಲಿಂಗವ್ವನನ್ನು ಕೇಳಿದ.

"ಊದಿನಕಡ್ಡಿ ಹಚ್ಚತೇವಲ್ಲಪಾ," ಎಂದಳು ಆಕೆ.

ಹಸಿ ಸುಳ್ಳು. ಮೀನಾ ಮಲಗುವ ಮಂಚದ ಕೆಳಗೆ ಸಿದ್ದಲಿಂಗವ್ವ ಕೆಂಡದ ಶೇಗಡಿ ಇಡುತ್ತಿದ್ದಳು. ಆಕೆಯ ತಾಯಿ ಆಕೆಗೆ ಇಟ್ಟಿದ್ದಳು, ಅಜ್ಜಿ ತಾಯಿಗೆ ಇಟ್ಟಿದ್ದಳು. ಡಾಕ್ಟರು ಬೇಡ ಎಂದಿದ್ದರು, ಗಂಡ ಹೂಂ ಎಂದಿದ್ದ. ಆದರೆ ಹಸಿ ಮೈಗೆ ತಂಪು ಹೊಕ್ಕರೆ ಮುಂದೆ ಜೀವನಪೂರ್ತಿ ಸೊಂಟ ಹಿಡಿದು ನರಳುವವರು ಡಾಕ್ಟರಲ್ಲವಲ್ಲ. ಮೇಲೆ ತಂಪು, ಕೆಳಗೆ ಕಾವು, ಎಲ್ಲರ ಮಾತೂ ನಡೆದಂತಾಯಿತು ಎಂದು ಆಕೆ ಲೆಕ್ಕ ಹಾಕಿದ್ದಳು. ಬಾಣಂತಿ ಖೋಲಿಗೆ ಹೊರಗಿನ ಗಂಡಸು ಬರುವುದೆಂದರೆ ಮೊದಲು ತಾಯಿ-ಕೂಸನ್ನು ದೇವರ ಖೋಲಿಗೆ ಕಳಿಸಬೇಕು. ಅವರ ಹಿಂದೆಯೇ ಶೇಗಡಿಯೂ ಹಿತ್ತಲಿಗೆ ಹೋಗುತ್ತಿತ್ತು, ಕಿಟಕಿ ತೆರೆದುಕೊಳ್ಳುತ್ತಿತ್ತು. ಪಾಪ, ಕಲ್ಮೇಶ ರಿಪೇರಿ ಮಾಡುತ್ತಿದ್ದದ್ದು ಬೇರೆಯದೇ ಒಂದು ಖೋಲಿಯ ಎ.ಸಿ.ಯನ್ನು.

ಮೀನಾ ತಲೆನೋವೆಂದು ಅಳುತ್ತಿದ್ದಳು. ಎ.ಸಿ.ಯ ತಂಪಿಗೇ ಹೀಗಾಗಿದೆ ಎಂದು ತಾಯಿ ಶೇಗಡಿಗೆ ಇನ್ನಷ್ಟು ಕೆಂಡ ಹಾಕುತ್ತಿದ್ದಳು.

ಒಂದು ದಿನ ನಿಜಗುಣಪ್ಪ ಕಲ್ಮೇಶನ ಅಂಗಡಿಗೇ ಹೋಗಿ, ಚಹಾ ಕುಡಿಯುತ್ತ ನಿಂತಿದ್ದ ಮಂದಿಯ ಮುಂದೆ ಅವನ ಮಾನ ಕಳೆದು ಬಂದ. ಊಟಕ್ಕೆ ಕುಳಿತಾಗ ಅದನ್ನೇ ಉಪ್ಪು ಖಾರ ಹಚ್ಚಿ ಹೇಳಿದ. "ಕೆಲಸ ಬರದಿದ್ರ ಅಂಗಡಿ ಮುಚ್ಚು, ಸುಳ್ಳ ಸಾಮಾನ ಬದಲಿಸಿ ಮಂದೀನ ಲೂಟಿ ಮಾಡಬ್ಯಾಡ ಅಂದೆ. ತಲಿ ಎತ್ತಲಿಲ್ಲ ಮಗಾ."

ರೊಟ್ಟಿ ಬಡಿಸುತ್ತಿದ್ದ ಸಿದ್ದಲಿಂಗವ್ವನ ಕೈ ನಿಂತಿತು. ತನ್ನಿಂದ ಅವನ ಮಾನ ಹೋಯಿತೆಂದು ನಾಚಿಕೆಯಾಯಿತು. ಆಗಲೇ ಬಾಯಿ ಬಿಟ್ಟಿದ್ದರೆ ಗಂಡ-ಹೆಂಡಿರ ನಡುವೆಯೇ ಮುಗಿಯುತ್ತಿತ್ತು. ಆಕೆ ಪಲ್ಯ ಬಡಿಸಿ ಒಳಗೆ ಹೋದಳು.

ಮರುದಿನ ಗುರುಬಸವ್ವ ರಾಮದುರ್ಗದ ಬಸ್ಸಿಳಿದು, ದಾರಿಯಲ್ಲಿ ಮಿಸ್ತ್ರಿಯ ಅಂಗಡಿ ಕೇಳಿ ಕಲ್ಮೇಶನನ್ನೂ ಕರೆದುಕೊಂಡು, ಹೇಳದೆ ಕೇಳದೆ ಬಂದಳು. ತಾನು ಕೊಟ್ಟದ್ದಕ್ಕೆ ಡಬ್ಬಾ ಎಂದರೆ ಯಾರು ಸುಮ್ಮನಿರುತ್ತಾರೆ? ಗಂಡಸರನ್ನು ಪಡಸಾಲೆಯಲ್ಲಿ ಬಿಟ್ಟು, "ನಾ ಹೆಂಗಸದೇನಿ, ನನಗ್ಯಾಕ ಅಡ್ಡಿ?" ಎನ್ನುತ್ತ ನೇರ ಖೋಲಿಗೆ ನುಗ್ಗಿದಳು. ಸಿದ್ದಲಿಂಗವ್ವ ಓಡಿ ಬರುವಷ್ಟರಲ್ಲಿ ಆಕೆ ಮಂಚದ ಮೇಲೆ ಕುಳಿತಾಗಿತ್ತು. ಕಾಲಿಗೆ ಕಾವು ತಗುಲಿ ಬಗ್ಗಿ ನೋಡಿದಳು. ಮೀನಾ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ಗುರುಬಸವ್ವ ಮೊದಲು ಎದ್ದು ಕಿಟಕಿ ತೆರೆದಳು. ಆಮೇಲೆ ದನಿ ತಗ್ಗಿಸಿ, "ಅಕ್ಕಾರ, ಮುಚ್ಚಿದ ಖೋಲ್ಯಾಗ ಕೆಂಡ ಇಟ್ರ ಜೀವಕ್ಕ ಕುತ್ತರಿ. ಅಕಿ ತಲಿನೋವು ಇದರದ್ದ. ಕೂಸಿಗೆ ಏನರ ಆಗಿದ್ರ?" ಎಂದಳು. ಸಿದ್ದಲಿಂಗವ್ವನ ಮುಖ ನೋಡಿ ಗುರುಬಸವ್ವನಿಗೇ ಕನಿಕರ ಬಂತೋ ಏನೋ. "ಹೋಗ್ಲಿ ಬಿಡ್ರಿ. ನಾ ಯಾರ ಮುಂದೂ ಅನ್ನಂಗಿಲ್ಲ," ಎಂದು ಹೊರಗೆ ಹೋದಳು.

"ಏನಿಲ್ರಿ ಬೀಗರ, ಪ್ಲಗ್ ಸಡ್ಲಾಗಿತ್ತು. ಒತ್ತಿ ಬಂದೇನಿ," ಎಂದು ಆಕೆ ಹೇಳಿದ್ದು ಒಳಗೆ ಕೇಳಿಸಿತು.

ನಿಜಗುಣಪ್ಪನಿಗೆ ಅಷ್ಟೇ ಸಾಕಾಗಿತ್ತು. "ನೋಡಪಾ ಕಲ್ಮೇಶ. ಪ್ಲಗ್ ಸಡ್ಲಾಗಿದ್ದು ಕಾಣಲಿಲ್ಲ, ಮತ್ತ ಮಿಸ್ತ್ರಿ ಅಂತ ತಿರಗತಿ."

ಕಲ್ಮೇಶ ತನ್ನ ಚೀಲದ ಬಾಯಿ ಕಟ್ಟತೊಡಗಿದ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಸಿದ್ದಲಿಂಗವ್ವನಿಗೆ ಅದನ್ನು ತಾಳಲಾಗಲಿಲ್ಲ. ಬೀಗತಿ ಮುಚ್ಚಿಟ್ಟು ಉಳಿಸಿದ ಮರ್ಯಾದೆ ಆಕೆಯನ್ನು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು. ಶೇಗಡಿಯನ್ನು ಅರಿವೆಯಲ್ಲಿ ಹಿಡಿದು ತಂದು ಪಡಸಾಲೆಯ ನಡುವೆ ಇಟ್ಟಳು.

"ಇದು ಮಂಚದ ಕೆಳಗಿತ್ತು. ನೀ ಬಂದಾಗೊಮ್ಮೆ ತಗದಿಡತಿದ್ದೆ. ನಿಂದೇನೂ ತಪ್ಪಿಲ್ಲಪಾ, ತಪ್ಪೆಲ್ಲಾ ನಂದು."

ಕಲ್ಮೇಶ ಕೆಂಡವನ್ನೇ ನೋಡಿದ. "ಅದಕ್ಕ ಖೋಲಿ ತಣ್ಣಗಾಗಿಲ್ಲ, ಮಷಿನ್ ಒಂದ ಸವನ ಓಡೇತಿ, ವೈರ್ ಕಾದು ಎಂಸಿಬಿ ಬಿದ್ದೈತ್ರಿ," ಎಂದ. ಆಮೇಲೆ ಚೀಲ ಹೆಗಲಿಗೇರಿಸಿದ. "ಆದ್ರ ಅವ್ವಾರ, ಇಲ್ಲಿ ಹೇಳಿದ್ರ ಯಾರು ಕೇಳ್ತಾರ್ರಿ? ಸಾವ್ಕಾರ್ರು ಬೈದದ್ದು ಅಂಗಡಿ ಮುಂದ."

ನಿಜಗುಣಪ್ಪ, "ಆಮ್ಯಾಲ ಬಂದು ಮಾತಾಡತೇನಿ ತಗೊ," ಎಂದ. ಗಂಡನ ಆಮ್ಯಾಲ ಎಂದರೆ ಏನೆಂದು ಸಿದ್ದಲಿಂಗವ್ವನಿಗೆ ಗೊತ್ತಿತ್ತು. ಸೆರಗನ್ನು ತಲೆಯ ಮೇಲೆಳೆದುಕೊಂಡು ಚಪ್ಪಲಿ ಮೆಟ್ಟಿದಳು.

"ಬಿಸಲಾಗ ಎಲ್ಲಿಗೆ ಹೊಂಟಿ?"

"ಅಂಗಡಿಗೆ."

ಅಂಗಡಿಯ ಮುಂದೆ ಅಂದಿನ ಹಾಗೆಯೇ ಚಹಾದ ಮಂದಿ ನಿಂತಿತ್ತು. ಸಾವ್ಕಾರರ ಮನೆಯ ಹೆಂಗಸು ಮಿಸ್ತ್ರಿಯ ಹಿಂದೆ ನಡೆದು ಬಂದದ್ದನ್ನು ಕಂಡು ಎಲ್ಲರೂ ಕಪ್ಪು ಕೆಳಗಿಳಿಸಿದರು. ಸಿದ್ದಲಿಂಗವ್ವ ನೆಲ ನೋಡುತ್ತಲೇ, ಕಲ್ಮೇಶನ ಕೆಲಸದಲ್ಲಿ ದೋಷವಿರಲಿಲ್ಲ, ತಾನೇ ಬೆಂಕಿ ಬಚ್ಚಿಟ್ಟು ಸುಳ್ಳು ಹೇಳಿದ್ದು ಎಂದಳು. ದನಿ ಆಕೆಯ ಸೆರಗನ್ನೂ ದಾಟಲಿಲ್ಲ.

"ಏನಂದ್ರಿ ಅಕ್ಕಾರ? ಕೇಳಿಸಲಿಲ್ಲ," ಎಂದರು ಹಿಂದಿನಿಂದ ಯಾರೋ.

ಸಿದ್ದಲಿಂಗವ್ವ ತಲೆಯೆತ್ತಿ, ಅಷ್ಟನ್ನೂ ಮೊದಲಿನಿಂದ, ಗಟ್ಟಿಯಾಗಿ ಹೇಳಿದಳು.