ಬೆಳ್ಳಿ ಬಂದ ಮರುದಿನ

ಕರ್... ಕರ್... ಕರ್... ಸದ್ದು ನೆಲಮಾಳಿಗೆಯಿಂದ ಬರುತ್ತಿತ್ತು. ಸ್ವಲ್ಪ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಗುನ್ವೋರ್ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಯೋಚಿಸಿದಳು. ಇಲಿಯಾದರೆ ಇಷ್ಟು ಶಿಸ್ತಾಗಿ ಕೆರೆಯುವುದಿಲ್ಲ. ಕಳ್ಳನಾದರೆ ಇಷ್ಟು ಹೊತ್ತು ಒಂದೇ ಕಡೆ ಕೂರುವುದಿಲ್ಲ. ಕೈಚಾಚಿ ಗಂಡನ ದಿಂಬು ಮುಟ್ಟಿದಳು. ತಣ್ಣಗಿತ್ತು. ಗಂಟೆ ಒಂದೂಕಾಲು.

ಉಣ್ಣೆಯ ಒಳಉಡುಪಿನಲ್ಲೇ ಅಸ್ಲಾಕ್ ನೆಲಮಾಳಿಗೆಯ ಬೆಂಚಿನ ಮುಂದೆ ನಿಂತಿದ್ದ. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಮೊಮ್ಮಗಳು ಎಲ್ಡ್ರಿಯ ಪುಟ್ಟ ಕೆಂಪು ಸ್ಕೀಯನ್ನು ಮಗುಚಿ ಬಿಗಿದು, ಹಿಮದಲ್ಲಿ ಜಾರಲೆಂದು ಅದರ ಅಡಿಗೆ ಹಚ್ಚಿದ್ದ ಹಳೇ ಮೇಣವನ್ನು ಪಟ್ಟಿಯಿಂದ ಕೆರೆಯುತ್ತಿದ್ದ. ಕಾಲ ಬಳಿ ಮೇಣದ ಪುಡಿ ತುರಿದ ಚೀಸಿನಂತೆ ಬಿದ್ದಿತ್ತು.

"ಎಂಟು ವರ್ಷದ ಮಗು ಕಣ್ರೀ ಅದು," ಎಂದಳು ಗುನ್ವೋರ್.

"ಗೊತ್ತು. ಅದಕ್ಕೇ ಚಿಕ್ಕ ಸ್ಕೀ."

"ನಿದ್ದೆ ಬರಲಿಲ್ವಾ?"

"ಇಡೀ ನಾರ್ವೆಗೆ ಬಂದಿಲ್ಲ, ನನಗೆಲ್ಲಿಂದ ಬರ್ಬೇಕು?"

ಹಿಂದಿನ ಮಧ್ಯಾಹ್ನ ಒಲಿಂಪಿಕ್ಸಿನಲ್ಲಿ ಹೆಂಗಸರ ಸ್ಕೀ ರಿಲೇ ನಡೆದಿತ್ತು. ಚಿನ್ನ ಸ್ವೀಡನ್ನಿಗೆ ಹೋಗಿತ್ತು, ನಾರ್ವೆಗೆ ಬೆಳ್ಳಿ. ಟೀವಿಯಲ್ಲಿ ನಾಲ್ಕು ಜನ ತಜ್ಞರು ಎರಡು ಗಂಟೆ ಕೂತು, ಮೇಣ ಹಚ್ಚಿದವರ ಜನ್ಮ ಜಾಲಾಡಿದ್ದರು. ಗುನ್ವೋರ್ ಇದನ್ನು ನಲವತ್ತು ವರ್ಷಗಳಿಂದ ನೋಡುತ್ತ ಬಂದಿದ್ದಳು. ಗೆದ್ದರೆ ಅದು ಕಾಲಿನ ಬಲ, ರಕ್ತದ ಗುಣ, ಬೆಟ್ಟದ ಗಾಳಿ. ಸೋತರೆ ಮೇಣ. ಆದರೆ ಅವಳ ಮನಸ್ಸಿನಲ್ಲಿ ಕೂತಿದ್ದು ಬೇರೆಯೇ. ಕೊನೆಯ ಸುತ್ತು ಓಡಿದ ಹುಡುಗಿ ಮೈಕಿನ ಮುಂದೆ ನಿಂತು ದೇಶದ ಕ್ಷಮೆ ಕೇಳಿದ್ದಳು. ಕೊರಳಲ್ಲಿ ಬೆಳ್ಳಿ ಪದಕ, ಮುಖದಲ್ಲಿ ಪಕ್ಕದ ಮನೆಯ ಕಿಟಕಿ ಒಡೆದ ಮಗುವಿನ ಭಾವ.

"ಐವಿಂದ್ ಹೇಳಿದ್ದು ನೆನಪಿದೆ ತಾನೇ?" ಎಂದಳು.

ಅಸ್ಲಾಕ್ ಇನ್ನೂ ಜೋರಾಗಿ ಕೆರೆದ.

ಐವಿಂದ್ ಅವರ ಮಗ. ಅವನು ಚಿಕ್ಕವನಿದ್ದಾಗ ಪ್ರತಿ ಶನಿವಾರ ಅಸ್ಲಾಕ್ ಕೈಯಲ್ಲಿ ಓಟದ ಗಡಿಯಾರ ಹಿಡಿದು ಹಿಮದಲ್ಲಿ ನಿಲ್ಲುತ್ತಿದ್ದ. ಹುಡುಗ ಏದುಸಿರು ಬಿಡುತ್ತ ಬಂದರೆ ಅಪ್ಪ ಮುಖ ನೋಡುವ ಮೊದಲು ಮುಳ್ಳು ನೋಡುತ್ತಿದ್ದ. ಹದಿನಾಲ್ಕನೇ ವಯಸ್ಸಿನಲ್ಲಿ ಒಂದು ಶನಿವಾರ ಐವಿಂದ್ ಸ್ಕೀಗಳನ್ನು ಶೆಡ್ಡಿನ ಗೋಡೆಗೆ ಒರಗಿಸಿ ಒಳಗೆ ಬಂದ. ಮತ್ತೆ ಅವನ್ನು ಕಾಲಿಗೆ ಹಾಕಲಿಲ್ಲ. ಈಗ, ಇಷ್ಟು ವರ್ಷಗಳ ಮೇಲೆ, ಮಗಳನ್ನು ಶನಿವಾರ ಭಾನುವಾರ ಇಲ್ಲಿ ಬಿಟ್ಟುಹೋಗುತ್ತಿದ್ದ. ಅದಕ್ಕೆ ಒಂದೇ ಷರತ್ತು. ಯಾರೂ ಅವಳ ಓಟ ಅಳೆಯಬಾರದು. ಅಳೆದರೆ ಮಾರನೇ ವಾರದಿಂದ ಎಲ್ಡ್ರಿ ಪಟ್ಟಣದಲ್ಲೇ ಈಜು ಕಲಿಯುತ್ತಾಳೆ.

"ಈಜು!" ಎಂದು ಅಸ್ಲಾಕ್ ಆಗ ಉದ್ಗರಿಸಿದ್ದ, ಮಗು ಸೆರೆಮನೆಗೆ ಹೋಗುತ್ತದೆ ಎಂದಂತೆ.

"ನಾಳೆ ಸೊನ್ನೆ ಡಿಗ್ರಿ ದಾಟುತ್ತಂತೆ, ಹೊಸ ಹಿಮವೂ ಬೀಳುತ್ತಂತೆ," ಎಂದಳು ಗುನ್ವೋರ್. "ಫೋನಲ್ಲಿ ತೋರಿಸ್ತಿದೆ."

"ನನ್ನ ಉತ್ತರದ ಗೋಡೆ ಮೇಲಿನ ಥರ್ಮಾಮೀಟರ್ ಮೈನಸ್ ಎಂಟು ತೋರಿಸ್ತಿದೆ. ನಾನು ನಂಬೋದು ಗೋಡೇನ." ಅಸ್ಲಾಕ್ ಗಟ್ಟಿ ಚಳಿಗೆ ಹಚ್ಚುವ ನೀಲಿ ಮೇಣದ ಡಬ್ಬಿ ತೆಗೆದ.

ಬೆಳಿಗ್ಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳ ಗಾತ್ರದ ಒದ್ದೆ ಹಿಮ ಸುರಿಯುತ್ತಿತ್ತು. ಅಸ್ಲಾಕ್ ಆಕಾಶ ನೋಡಿದ, ಸ್ಕೀಗಳನ್ನು ಹೆಗಲಿಗೇರಿಸಿದ.

ಸ್ಕೀ ಸಂಘದ ಗುಡಿಸಲಿನಲ್ಲಿ ವಾಫಲ್ ಬೇಯುವ ಘಮ. ಭಾನುವಾರದ ಮಕ್ಕಳ ಓಟಕ್ಕೆ ಅರ್ಧ ಹಳ್ಳಿ ಬಂದಿತ್ತು. ಮಾತೆಲ್ಲ ಬೆಳ್ಳಿಯದೇ. ಸಾವಿನ ಮನೆಗೆ ಬಂದವರಂತೆ ಒಬ್ಬರ ಭುಜ ಒಬ್ಬರು ತಟ್ಟುತ್ತಿದ್ದರು. ಅಷ್ಟರಲ್ಲಿ ಸ್ವೀಡನ್ ಬಾವುಟದ ಹಳದಿ ನೀಲಿ ಟೋಪಿ ಹಾಕಿಕೊಂಡು, ಊರಿನ ಹಿಮ ತೆಗೆಯುವ ಗಾಡಿ ಓಡಿಸುವ ಸ್ಟೆಲ್ಲಾನ್ ಒಳಗೆ ಬಂದ. ಸ್ವೀಡನ್ನಿನವನು. ಗಡಿ ದಾಟಿ ಬಂದು ಇಲ್ಲಿ ಒಂಬತ್ತು ವರ್ಷವಾಗಿತ್ತು. ಜೊತೆಯಲ್ಲಿ ಎಂಟು ವರ್ಷದ ಮಗ ಮೆಲ್ಕರ್.

"ಏನ್ ಅಸ್ಲಾಕ್, ಯಾರಾದ್ರೂ ಹೋಗಿಬಿಟ್ರಾ?"

"ಆ ಟೋಪಿ ತೆಗೆದು ಮಾತಾಡು."

"ಬೆಳ್ಳಿ ಬಂತಲ್ಲೋ ಮಾರಾಯ! ಇಡೀ ಪ್ರಪಂಚದಲ್ಲಿ ಎರಡನೇದು. ನಮ್ಮಲ್ಲಾಗಿದ್ರೆ ಕೇಕ್ ಕತ್ತರಿಸ್ತಿದ್ವಿ."

"ಎರಡನೇದು ಅನ್ನೋದು ಬೇಜಾರಲ್ಲ. ನಿಮ್ಮ ಹಿಂದೆ ಅನ್ನೋದು. ಇಟಲಿ ಹಿಂದೆ ಆಗಿದ್ರೆ ರಾತ್ರಿ ಊಟ ಸೇರ್ತಿತ್ತು."

ಗುಡಿಸಲು ನಕ್ಕಿತು. ಅಸ್ಲಾಕ್ ನಗಲಿಲ್ಲ. ಗೋಡೆಗೆ ಅಂಟಿಸಿದ್ದ ನಿಯಮದ ಹಾಳೆಗೆ ಬೆರಳು ನೆಟ್ಟ. "ತಪ್ಪು ಇಲ್ಲಿದೆ ನೋಡ್ರಿ. ಹನ್ನೊಂದು ವರ್ಷ ತುಂಬೋ ತನಕ ಯಾರು ಗೆದ್ರು ಅಂತ ಹೇಳೋ ಹಾಗಿಲ್ಲ, ಎಲ್ರಿಗೂ ಒಂದೇ ಅಳತೆ ಕಪ್. ಆಮೇಲೆ ದೊಡ್ಡವರಾದ ಮೇಲೆ ಚಿನ್ನ ಯಾಕೆ ತರಲಿಲ್ಲ ಅಂತ ಬೈಯೋದು!"

"ಹಾಗಾದ್ರೆ ಬೈಯೋದು ಬಿಡೋಣ," ಎಂದಳು ಗುನ್ವೋರ್. ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಎಲ್ಲರೂ ತಿರುಗಿದರು. "ಆ ಹುಡುಗಿ ಕ್ಷಮೆ ಕೇಳಿದ್ಲು. ನಮ್ಮ ಹತ್ರ. ನಾವೇನು ಮಾಡ್ತಿದ್ವಿ ಆಗ? ಸೋಫಾ ಮೇಲೆ ಕೂತು ಚಿಪ್ಸ್ ತಿಂತಿದ್ವಿ."

ಯಾರೋ ಎದ್ದು ಹೋಗಿ ವಾಫಲ್ ಮಗುಚಿದರು.

"ಅಳೆಯೋ ಧೈರ್ಯ ಅಸ್ಲಾಕ್‌ಗೆ ಇಲ್ಲ ಬಿಡಿ," ಎಂದ ಸ್ಟೆಲ್ಲಾನ್, ಬೆಂಕಿಗೆ ತುಪ್ಪ ಸುರಿಯುವ ಖುಷಿಯಲ್ಲಿ. "ನಮ್ಮ ಮೆಲ್ಕರ್ ಮುಂದೆ ಬಂದುಬಿಟ್ರೆ?"

ಅಷ್ಟು ಸಾಕಾಗಿತ್ತು. ಗುಡಿಸಲಿನ ಮೂಲೆಯಲ್ಲಿ ಇಬ್ಬರೂ ಪಂದ್ಯ ಕಟ್ಟಿದರು. ಎಲ್ಡ್ರಿ ಮೊದಲು ಬಂದರೆ ಸ್ಟೆಲ್ಲಾನ್ ಒಂದು ವಾರ ನಾರ್ವೆಯ ಕೆಂಪು ಟೋಪಿ ಹಾಕಿ ಅಂಗಡಿಗೆ ಹೋಗಬೇಕು. ಮೆಲ್ಕರ್ ಬಂದರೆ ಅಸ್ಲಾಕ್ ಹಳದಿ ನೀಲಿ ಹಾಕಬೇಕು. ಅಸ್ಲಾಕ್ ಜೇಬಿನಿಂದ ಆ ಹಳೇ ಗಡಿಯಾರ ತೆಗೆದ. ಗುನ್ವೋರ್ ಅದನ್ನು ಕಂಡಳು. ಇವನು ಅದನ್ನು ಹಿಡಿದು ನಿಂತರೆ ಎಲ್ಡ್ರಿ ನೋಡುತ್ತಾಳೆ. ಸಂಜೆ ಅಪ್ಪನಿಗೆ ಹೇಳುತ್ತಾಳೆ. ಆಮೇಲೆ ಈಜು, ಖಾಲಿ ಶನಿವಾರ.

"ಇಲ್ಲಿ ಕೊಡಿ," ಎಂದಳು. "ನಾನೇ ಅಳೀತೀನಿ. ಜೇಬಲ್ಲಿಟ್ಟುಕೊಂಡು. ಮಕ್ಕಳಿಗೆ ಗೊತ್ತಾಗಬಾರದು, ಐವಿಂದ್‌ಗಂತೂ ಅಲ್ಲ."

"ಗುನ್ವೋರ್ ಸುಳ್ಳು ಹೇಳಲ್ಲ," ಎಂದು ಸ್ಟೆಲ್ಲಾನ್ ಒಪ್ಪಿಕೊಂಡ.

ಎಂಟು ವರ್ಷದ ಆರು ಮಕ್ಕಳು ಒಟ್ಟಿಗೆ ಹೊರಟರು. ಎರಡು ಕಿಲೋಮೀಟರಿನ ಸುತ್ತು. ಹದಿನೈದು ನಿಮಿಷದೊಳಗೆ ನಾಲ್ಕು ಮಕ್ಕಳು ಬಂದು ವಾಫಲ್ ತಿನ್ನುತ್ತಿದ್ದರು. ಎಲ್ಡ್ರಿಯೂ ಇಲ್ಲ, ಮೆಲ್ಕರನೂ ಇಲ್ಲ. ತಾಳ್ಮೆಗೆಟ್ಟ ಗಂಡಸರಿಬ್ಬರೂ ಮಕ್ಕಳನ್ನು ಹುರಿದುಂಬಿಸಲು ಕೊನೆಯ ದಿಬ್ಬ ಹತ್ತಿದರು. ಉಳಿದವರೆಲ್ಲ ಒಳಗೆ ವಾಫಲಿನ ಮುಂದಿದ್ದರು; ದಿಬ್ಬದಿಂದ ಕಾಣದ, ಗುಡಿಸಲಿನ ಹಿಂದಿನ ಮುಕ್ತಾಯದ ಗೆರೆಯ ಬಳಿ ಗುನ್ವೋರ್ ಒಬ್ಬಳೇ ಉಳಿದಳು, ಜೇಬಿನ ಗಡಿಯಾರದ ಮೇಲೆ ಕೈ. ಕಾಲು ಮುರಿದಿರಬಹುದೇ? ಹೊಳೆಯ ಕಡೆ ಜಾರಿರಬಹುದೇ? ಹೊಳೆ ಇನ್ನೊಂದು ಕಣಿವೆಯಲ್ಲಿತ್ತು, ಆದರೂ ಯೋಚಿಸಿದಳು.

ಆಗ ದಿಬ್ಬವನ್ನು ಬಳಸಿ ಬರುವ ದಾರಿಯಲ್ಲಿ, ಮರಗಳ ನಡುವೆ ಎರಡು ಟೋಪಿ ಕಂಡವು. ಮಕ್ಕಳಿಬ್ಬರೂ ಪಕ್ಕಪಕ್ಕ, ಕುಂಟುತ್ತ, ಏನೋ ಮಾತಾಡಿಕೊಂಡು ಬರುತ್ತಿದ್ದರು. ಗುನ್ವೋರ್ ಕಣ್ಣು ಕಿರಿದಾಗಿಸಿ ನೋಡಿದಳು. ಎಲ್ಡ್ರಿಯ ಒಂದು ಕಾಲಲ್ಲಿ ಕೆಂಪು ಸ್ಕೀ, ಇನ್ನೊಂದರಲ್ಲಿ ನೀಲಿ. ಮೆಲ್ಕರನದೂ ಹಾಗೇ. ಅಸ್ಲಾಕನ ಮೇಣಕ್ಕೆ ಒದ್ದೆ ಹಿಮ ಅಂಟಿ ಕೆಂಪು ಸ್ಕೀಗಳ ಅಡಿ ಇಟ್ಟಿಗೆಯಷ್ಟು ದಪ್ಪವಾಗಿತ್ತು. ಮೆಲ್ಕರನ ನೀಲಿ ಸ್ಕೀಗಳು ಮೇಣವೇ ಬೇಡದ, ಅಡಿಗೆ ತುಪ್ಪಳದ ಪಟ್ಟಿ ಅಂಟಿಸಿದ ಜಾತಿಯವು. ಒಂದೊಂದು ಹಂಚಿಕೊಂಡಿದ್ದರು. ಇಬ್ಬರೂ ಒಂದು ಕಾಲಲ್ಲಿ ಜಾರುತ್ತಿದ್ದರು, ಇನ್ನೊಂದನ್ನು ಮೆಟ್ಟಿಲು ಹತ್ತುವಂತೆ ಎತ್ತಿಡುತ್ತಿದ್ದರು.

ಗೆರೆಗೆ ಇಪ್ಪತ್ತು ಹೆಜ್ಜೆ ಇದ್ದಾಗ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಇದ್ದಕ್ಕಿದ್ದಂತೆ ಓಟಕ್ಕೆ ಬಿದ್ದರು, ಕೋಲು ಬೀಸಿ, ಹಲ್ಲು ಕಚ್ಚಿ, ಕುಂಟ ಬಾತುಗಳ ಹಾಗೆ.

"ಹೆಯಾ! ಹೆಯಾ ಎಲ್ಡ್ರಿ! ಬಿಡಬೇಡ, ತುಳಿ, ತುಳಿಯೇ!"

ಯಾರು ಕೂಗಿದರು ಎಂದು ಗುನ್ವೋರ್ ಸುತ್ತ ನೋಡಿದಳು. ಯಾರೂ ಇರಲಿಲ್ಲ. ಗಂಟಲು ಉರಿಯುತ್ತಿದ್ದುದು ಅವಳದೇ. ಎಲ್ಡ್ರಿ ಒಂದು ಬೂಟಿನಷ್ಟು ಮುಂದೆ ಗೆರೆ ದಾಟಿದಳು. ಜೇಬಿನೊಳಗೆ ಬೆರಳು ತಾನಾಗಿ ಗುಂಡಿ ಒತ್ತಿತು. ಎದೆಯೊಳಗೆ ಏನೋ ಬಾವುಟದಂತೆ ಪಟಪಟ ಬಡಿಯಿತು. ಸ್ವೀಡನ್ನನ್ನು ಸೋಲಿಸಿದೆವು! ಮರುಕ್ಷಣ ಕೆನ್ನೆ ಬಿಸಿಯಾಯಿತು.

ಮಕ್ಕಳು ಹಿಮದಲ್ಲಿ ಮಲಗಿ ನಗುತ್ತಿದ್ದರು. "ಅಜ್ಜೀ, ನಾವು ದಾರೀಲಿ ಪಾನಕ ಕೊಡೋ ಕಡೆ ನಿಂತು ಮೂರ್ ಮೂರ್ ಲೋಟ ಕುಡಿದ್ವಿ!" ಎಂದಳು ಎಲ್ಡ್ರಿ.

ಗಂಡಸರು ಮೊಣಕಾಲುದ್ದದ ಹಿಮದಲ್ಲಿ ಬಿದ್ದು ಎದ್ದು ಬಂದರು. "ಯಾರು?" ಎಂದ ಅಸ್ಲಾಕ್, ಉಸಿರಿಲ್ಲದೆ. "ಯಾರು ಮೊದಲು?"

"ಗುಂಡಿ ಒತ್ತೋದು ಮರೆತುಬಿಟ್ಟೆ," ಎಂದಳು ಗುನ್ವೋರ್. "ಹಿಮ ಕಣ್ಣಿಗೆ ಹೊಡೀತಿತ್ತು. ಏನೂ ಕಾಣಲಿಲ್ಲ."

"ಮರೆತೆಯಾ! ದೇಶ ನೋಡಿದ್ರೆ ಮೇಣದಲ್ಲಿ ಎಡವುತ್ತೆ, ನೀನು ಗಡಿಯಾರದಲ್ಲಿ!"

"ಮೇಣದ ಮಾತು ನೀವು ಎತ್ತಬೇಡಿ," ಎಂದಳು, ಕೆಂಪು ಸ್ಕೀಯ ಅಡಿಯ ಇಟ್ಟಿಗೆ ತೋರಿಸಿ.

ಸ್ಟೆಲ್ಲಾನ್ ನಗು ತಡೆಯಲಾರದೆ ಹಿಮದಲ್ಲಿ ಕೂತುಬಿಟ್ಟ. ಕೊನೆಗೆ ಟೋಪಿ ತೆಗೆದು ಅಸ್ಲಾಕನ ತಲೆಗೆ ಹಾಕಿದ. "ಯಾರೂ ಗೆಲ್ಲಲಿಲ್ಲ ಅಂದ್ಮೇಲೆ ಇಬ್ಬರೂ ಸೋತ ಹಾಗೆ. ನಿನ್ನ ಟೋಪಿ ಇಲ್ಲಿ ಕೊಡು."

ನಾಲ್ಕು ಗಂಟೆಗೆ ಐವಿಂದ್ ಮಗಳನ್ನು ಕರೆದೊಯ್ಯಲು ಬಂದ. ಬಾಗಿಲಲ್ಲೇ, ದನಿ ತಗ್ಗಿಸಿ ಕೇಳಿದ. "ಅಮ್ಮ, ಯಾರಾದ್ರೂ ಅಳೆದ್ರಾ?"

ಗುನ್ವೋರ್ ಬಾಯಿ ತೆರೆಯುವ ಮೊದಲೇ ಎಲ್ಡ್ರಿ ಒಳಗಿಂದ ಕೂಗಿದಳು. "ಅಪ್ಪಾ, ಅಜ್ಜನ ಟೋಪಿ ನೋಡು!"

ಐವಿಂದ್ ನೋಡಿದ. ಹಳದಿ ನೀಲಿ ಟೋಪಿಯಲ್ಲಿ ಅಪ್ಪ ಆಲೂಗಡ್ಡೆ ಸುಲಿಯುತ್ತಿದ್ದ. ಆಮೇಲೆ ಗೋಡೆಗೆ ಒರಗಿದ್ದ ಸ್ಕೀಗಳನ್ನು ನೋಡಿದ. ಮಕ್ಕಳು ಮರಳಿ ಅದಲುಬದಲು ಮಾಡಲು ಮರೆತಿದ್ದರು, ಒಂದು ಕೆಂಪು, ಒಂದು ನೀಲಿ. ಅವನು ಕೆಂಪು ಸ್ಕೀ ಎತ್ತಿಕೊಂಡು ಅಡಿಗೆ ಹೆಬ್ಬೆರಳು ಸವರಿದ, ಮೂಸಿದ. ಇಪ್ಪತ್ತು ವರ್ಷದಲ್ಲಿ ಅವನು ಸ್ಕೀ ಮುಟ್ಟಿದ್ದನ್ನು ಗುನ್ವೋರ್ ನೋಡಿರಲಿಲ್ಲ.

"ಅಪ್ಪ, ಸೊನ್ನೆ ಡಿಗ್ರಿಗೆ ನೀಲಿ ಮೇಣ ಹಚ್ಚಿದ್ರಾ?"

"ಗೋಡೆ ಮೇಲೆ ಮೈನಸ್ ಎಂಟಿತ್ತು," ಎಂದ ಅಸ್ಲಾಕ್ ಆಲೂಗಡ್ಡೆಗೆ.

ಐವಿಂದ್ ನಕ್ಕ. ನಿಲ್ಲಿಸಲಾಗದೆ ನಕ್ಕ. "ಮುಂದಿನ ಶನಿವಾರ ನಾನೇ ಹಚ್ತೀನಿ. ನೀವು ದೂರ ಕೂತ್ಕೊಳ್ಳಿ."

ಅಸ್ಲಾಕ್ ಸುಲಿಯುವುದನ್ನು ನಿಲ್ಲಿಸಿದ. ಟೋಪಿಯನ್ನು ಕಿವಿಯ ಮೇಲೆ ಸ್ವಲ್ಪ ಕೆಳಗೆ ಎಳೆದುಕೊಂಡ.

ಕಾರು ಹೋದ ಮೇಲೆ ಗುನ್ವೋರ್ ನೆಲಮಾಳಿಗೆಗೆ ಇಳಿದು, ಕೋಟಿನ ಜೇಬಿನಿಂದ ಗಡಿಯಾರ ತೆಗೆದಳು. ಇಪ್ಪತ್ತೊಂದು ನಿಮಿಷ, ನಾಲ್ಕು ಸೆಕೆಂಡು. ಎರಡು ಕಿಲೋಮೀಟರಿಗೆ ಇದಕ್ಕಿಂತ ನಿಧಾನ ಓಟ ಈ ಕಣಿವೆಯಲ್ಲಿ ಬಹುಶಃ ನಡೆದಿರಲಿಲ್ಲ. ಆದರೂ ನಮ್ಮವಳು ಒಂದು ಬೂಟಿನಷ್ಟು ಮುಂದಿದ್ದಳು. ಆ ಸಂಖ್ಯೆಯನ್ನು ಅವಳು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು. ಆಮೇಲೆ ಗುಂಡಿ ಒತ್ತಿದಳು. ಮುಳ್ಳು ಟಕ್ಕೆಂದು ಸೊನ್ನೆಗೆ ಹಾರಿತು.

ಗಡಿಯಾರವನ್ನು ನೀಲಿ ಮೇಣದ ಡಬ್ಬಿಯ ಹಿಂದೆ, ಅಸ್ಲಾಕ್ ಇನ್ನು ಸದ್ಯಕ್ಕೆ ಕೈ ಹಾಕದ ಜಾಗದಲ್ಲಿ ಇಟ್ಟಳು. ಯಾರು ಮೊದಲು ಬಂದರೆಂದು ಗಂಡನಿಗೆ ಹೇಳುವುದಿಲ್ಲ, ಮಗನಿಗೂ ಇಲ್ಲ. ಆ ಗೆರೆಯ ಬಳಿ ಹಾಗೆ ಕೂಗಿದವರು ಯಾರೆಂದಂತೂ ಯಾರಿಗೂ ಹೇಳುವುದಿಲ್ಲ.