ತಣ್ಣಗಾದ ಚಿಮಣಿ

ಮನೆ ಬೆಚ್ಚಗಿಡುವ ಫರ್ನೇಸ್ ಹೊತ್ತಿಕೊಂಡಾಗಲೆಲ್ಲ ಅಡುಗೆಮನೆಯ ದೀಪ ಹೋಗುತ್ತದೆ ಎಂದು ಪರಾಸ್ಕಾ ಫೋನು ಮಾಡಿದಾಗ ಓರೆಸ್ಟ್ ಅರ್ಧ ಊಟ ಬಿಟ್ಟು ಎದ್ದ. ವಿನ್ನಿಪೆಗ್ಗಿನ ಜನವರಿ. ವ್ಯಾನಿನ ಸ್ಟೀರಿಂಗು ಕೈಗವಸಿನೊಳಗೂ ಕಚ್ಚುತ್ತಿತ್ತು. ಬೇರೆ ಯಾರ ಮನೆಯಾಗಿದ್ದರೂ ಸಂಜೆ ಬರುತ್ತೇನೆ ಎನ್ನುತ್ತಿದ್ದ. ಇದು ಪ್ರೊಕಿಪ್ ಮೇಸ್ತ್ರಿಯ ಮನೆ, ಪರಾಸ್ಕಾ ಮೇಸ್ತ್ರಿಯ ಹೆಂಡತಿ. ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದವನ ಕೈಗೆ ಪೈಪ್ ರೆಂಚು ಕೊಟ್ಟು ಗ್ಯಾಸಿನ ಕೆಲಸ ಕಲಿಸಿದವನು ಆತ. ಮೇಸ್ತ್ರಿಯ ಕಣ್ಣು ಮಂಜಾಗುತ್ತಿದೆ ಎಂದು ಗೊತ್ತಾದದ್ದೇ ತಡ, ಕಂಪನಿಯವರು ಕೇಕು ತಿನ್ನಿಸಿ ಮನೆಗೆ ಕಳಿಸಿದ್ದರು. ಆ ಕೇಕು ಕತ್ತರಿಸಿದ ಮ್ಯಾನೇಜರನ ನಗು ನೆನಪಾದರೆ ಓರೆಸ್ಟನಿಗೆ ಈಗಲೂ ಮುಷ್ಟಿ ಬಿಗಿಯುತ್ತಿತ್ತು.

ಪರಾಸ್ಕಾ ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ಬಾಗಿಲು ತೆರೆದಳು.

"ತಲೆಗೇನಾಯ್ತು ದೊಡ್ಡಮ್ಮ?"

"ದಿನಾ ಬೆಳಿಗ್ಗೆ ಸಿಡಿಯತ್ತೆ ಕಣೋ. ಸ್ನಾನ ಮಾಡಿದ ಮೇಲಂತೂ ವಾಂತಿ ಬಂದ ಹಾಗಾಗತ್ತೆ. ಚರ್ಚಿಗೆ ಹೋಗಿ ಎಲ್ಲರ ಜೊತೆ ಪಿರೋಗಿ ಕಡುಬು ಮಡಿಸ್ತಾ ಕೂತ್ರೆ ತಾನೇ ಹೋಗತ್ತೆ. ನಿನಗೆ ಮನೆಕೆಲಸ ಅಂದ್ರೇ ತಲೆನೋವು ಅಂತಾನೆ ನಮ್ಮ ಮುದುಕ."

ಓರೆಸ್ಟ್ ನಕ್ಕು ನೆಲಮಾಳಿಗೆಗೆ ಇಳಿದ. ಇಳಿದವನ ನಗು ಅಲ್ಲೇ ಒಣಗಿತು. ಅಲ್ಲೊಂದು ಹೊಸ ಫರ್ನೇಸ್ ಕೂತಿತ್ತು. ಅಂಥದ್ದಕ್ಕೆ ಬೇರೆಯದೇ ಕರೆಂಟ್ ಲೈನು ಎಳೆದು, ಪಕ್ಕದಲ್ಲೊಂದು ಸ್ವಿಚ್ಚು ಕೂರಿಸಬೇಕು. ಇಲ್ಲಿ ಯಾರೋ ಎಕ್ಸ್‌ಟೆನ್ಷನ್ ವೈರು ತಂದು, ತುದಿ ಕತ್ತರಿಸಿ, ಟೇಪು ಸುತ್ತಿ, ಅಡುಗೆಮನೆ ದೀಪದ ಲೈನಿನಲ್ಲೇ ಇದ್ದ ಫ್ರೀಜರಿನ ಪ್ಲಗ್ಗಿಗೇ ಸಿಕ್ಕಿಸಿದ್ದರು. ವೈರು ಮುಟ್ಟಿದರೆ ಬಿಸಿ.

"ಯಾವ ಕತ್ತೆ ಮಾಡಿದ್ದು ಇದನ್ನ?" ಎಂದು ಬೈದುಕೊಂಡೇ ಓರೆಸ್ಟ್ ವೈರು ಕಿತ್ತ. ಫರ್ನೇಸ್ ನಿಂತಿತು.

"ಈ ಕತ್ತೆ." ಮೆಟ್ಟಿಲ ಮೇಲಿಂದ ಪ್ರೊಕಿಪ್ ಹೇಳಿದ. ಒಂದು ಕೈ ಗೋಡೆಯ ಮೇಲಿಟ್ಟು ಮೆಟ್ಟಿಲು ತಡಕುತ್ತ ಇಳಿದು ಬಂದ. "ನಾನೇ ಕೂರಿಸಿದೆ. ಆ ಮ್ಯಾನೇಜರ್ ನನ್ಮಗನಿಗೆ ಫೋನ್ ಮಾಡಿ, ಬಂದು ಕೂರಿಸಿಕೊಡಿ ಅಂತ ಬೇಡ್ಕೋಬೇಕಿತ್ತಾ?"

"ನನ್ನ ಕರೀಬಹುದಿತ್ತಲ್ಲ ಮೇಸ್ತ್ರಿ."

"ನಿನಗೆ ಮೂಗು ಒರೆಸ್ಕೊಳ್ಳೋದು ಕಲಿಸಿದವನು ನಾನು. ವೈರು ತಾತ್ಕಾಲಿಕ. ಮಿಕ್ಕಿದ್ದನ್ನ ನೋಡು."

ಮಿಕ್ಕಿದ್ದು ನಿಜಕ್ಕೂ ಚೆನ್ನಾಗಿತ್ತು. ಹೊಸ ಫರ್ನೇಸಿನ ಹೊಗೆಯ ಬಿಳಿ ಪೈಪು ಗೋಡೆ ದಾಟಿ ಹೊರಹೋಗಿತ್ತು. ಹೊಗೆ ತಣಿದು ಒಳಗೆ ಕಟ್ಟುವ ನೀರು ಹಿಂದಕ್ಕೆ ಹರಿದು ಬರುವಂತೆ ಸರಿಯಾದ ಇಳಿಜಾರು ಕೊಟ್ಟಿದ್ದ. ಕಣ್ಣು ಸಾಲದೆ ಬೆರಳಿನಲ್ಲೇ ಅಳೆದು ಮಾಡಿದ ಕೆಲಸ. ಓರೆಸ್ಟ್ ಪೈಪಿನ ಉದ್ದಕ್ಕೂ ಕೈ ಸವರಿದ. ಆಮೇಲೆ ಅವನ ಕಣ್ಣು ಪಕ್ಕದ ಗ್ಯಾಸ್ ಗೀಸರಿನ ಮೇಲೆ ಬಿತ್ತು.

ಗೀಸರಿನ ನೆತ್ತಿಯ ಮೇಲೆ ನೀರಿನ ಪೈಪುಗಳ ಸುತ್ತ ಇದ್ದ ಪ್ಲಾಸ್ಟಿಕ್ ಬಳೆಗಳು ಕರಗಿ ಜೋತುಬಿದ್ದಿದ್ದವು. ಗೀಸರಿನ ಹೊಗೆಕೊಳವೆ ಮಾತ್ರ ಇನ್ನೂ ಹಳೆಯ ಇಟ್ಟಿಗೆ ಚಿಮಣಿಗೇ ಹೋಗುತ್ತಿತ್ತು.

ಓರೆಸ್ಟ್ ಮೇಲಕ್ಕೆ ಕೂಗಿದ. "ದೊಡ್ಡಮ್ಮ, ಬಿಸಿನೀರಿನ ನಲ್ಲಿ ಬಿಡಿ, ಹರೀತಾ ಇರ್ಲಿ."

ಗೀಸರು ಭುಗ್ಗೆಂದು ಹೊತ್ತಿಕೊಂಡಿತು. ಸ್ವಲ್ಪ ಹೊತ್ತು ಕಾದು, ಮೇಸ್ತ್ರಿಯ ಕೈ ಹಿಡಿದು, ಕೊಳವೆಯ ಬುಡದಲ್ಲಿದ್ದ ಸಂದಿನ ಹತ್ತಿರ ಇಟ್ಟ. ಆ ಸಂದು ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳಬೇಕು. ಬಿಸಿಯಾದ ಒದ್ದೆ ಉಸಿರು ಹೊರಕ್ಕೆ ಬಂದು ಮುದುಕನ ಅಂಗೈಗೆ ಬಡಿಯಿತು.

ಪ್ರೊಕಿಪ್ ಕೈ ತೆಗೆಯಲಿಲ್ಲ. "ಈ ಚಿಮಣಿ ನಮ್ಮಪ್ಪನ ಕಾಲದಿಂದ ಎಳೀತಾ ಇದೆ."

"ಆಗ ಹಳೇ ಫರ್ನೇಸಿನ ಹೊಗೇನೂ ಇದರಲ್ಲೇ ಹೋಗ್ತಿತ್ತು ಮೇಸ್ತ್ರಿ. ಚಿಮಣಿ ಬಿಸಿ ಇರ್ತಿತ್ತು. ಈಗ ಈ ಪುಟ್ಟ ಗೀಸರೊಂದೇ ಅಷ್ಟು ದೊಡ್ಡ ಚಿಮಣೀನ ಹೆಂಗೆ ಕಾಯಿಸತ್ತೆ? ಹೊಗೆ ಮೇಲೆ ಹತ್ತಲಾರದೆ ಮನೆಯೊಳಕ್ಕೇ ಬೀಳ್ತಿದೆ. ಅದರಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ವಿಷ." ಓರೆಸ್ಟ್ ಗೋಡೆ ನೋಡಿದ. "ಅದರ ಅಲಾರಂ ಎಲ್ಲಿ?"

"ಸುಮ್‌ಸುಮ್ನೆ ಕಿರುಚ್ತಿತ್ತು. ಕಿತ್ತು ಡ್ರಾಯರಿಗೆ ಹಾಕ್ದೆ."

"ಸುಮ್‌ಸುಮ್ನೆ ಅಲ್ಲ ಅದು."

ಓರೆಸ್ಟ್ ಕೆಳಗೆ ಬಗ್ಗಿ ಗೀಸರಿನ ಗ್ಯಾಸ್ ಮುಚ್ಚಿದ. ಜೇಬಿನಿಂದ ಕೆಂಪು ಚೀಟಿ ತೆಗೆದ. ಅಪಾಯ ಕಂಡವನು ಮುಚ್ಚಲೇಬೇಕು, ಚೀಟಿ ಕಟ್ಟಲೇಬೇಕು, ಅದು ನಿಯಮ. ಸರಿಯಾಗುವ ತನಕ ಯಾರೂ ಹಚ್ಚುವಂತಿಲ್ಲ.

"ಚೀಟಿ ಬೇಡ ಕಣೋ," ಎಂದ ಪ್ರೊಕಿಪ್. ದನಿ ಸಣ್ಣಗಾಗಿತ್ತು. "ಚಿಮಣಿಯೊಳಗೆ ಸಣ್ಣ ಪೈಪು ಇಳಿಸ್ತೀನಿ, ನೀನೂ ಕೈ ಹಾಕು. ಅವಳಿಗೆ ವೈರು ಸಡಿಲ ಆಗಿತ್ತು ಅಂತ ಹೇಳು, ಸಾಕು."

"ಕ್ರಿಸ್ಮಸ್ ಹಿಂದಿನ ದಿನ ಪಾದ್ರಿ ಮನೆಗೇ ಚೀಟಿ ಕಟ್ಟಿ ಬಂದವರು ನೀವು. ಈಸ್ಟರ್ ತನಕ ಬೀದಿಯಲ್ಲಿ ಯಾರೂ ನಿಮ್ಮನ್ನ ಮಾತಾಡಿಸ್ಲಿಲ್ಲ."

"ಪಾದ್ರಿ ನನ್ನ ಹೆಂಡ್ತಿ ಅಲ್ಲ."

ಓರೆಸ್ಟನಿಗೆ ಮೈಯೆಲ್ಲ ಉರಿಯಿತು. ಈ ಮನುಷ್ಯನನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು, ಅದೇ ಗಳಿಗೆಯಲ್ಲಿ ತಬ್ಬಿಕೊಳ್ಳಬೇಕು ಅಂತಲೂ. ಎರಡನ್ನೂ ಮಾಡಲಾಗದೆ ಚೀಟಿಯ ದಾರವನ್ನು ಗ್ಯಾಸಿನ ಹಿಡಿಗೆ ಸುತ್ತಿ ಗಂಟು ಹಾಕಿದ. ಮೊದಲ ಗಂಟು ಸರಿಯಾಗಿ ಬೀಳಲಿಲ್ಲ. ಮತ್ತೆ ಹಾಕಿದ.

"ವೈರು ಸಡಿಲ ಅಂತ ನಾನು ಹೇಳಿದ್ರೆ, ನಾಳೆ ದೊಡ್ಡಮ್ಮ ನೀರು ಕಾಯಿಸೋಕೆ ಇದನ್ನ ತಿರುಗಿಸ್ತಾರೆ ಮೇಸ್ತ್ರಿ. ಆಮೇಲೆ ನಾವಿಬ್ಬರೂ ಯಾರಿಗೆ ಏನು ಹೇಳೋಣ?"

ಪ್ರೊಕಿಪ್ ತಿರುಗಿ ಮೆಟ್ಟಿಲು ಹತ್ತತೊಡಗಿದ. ಜಗಳ ಮಾಡಲು ಹೋಗುತ್ತಿದ್ದಾನೋ, ಹೇಳಲು ಹೋಗುತ್ತಿದ್ದಾನೋ ತಿಳಿಯದೆ ಓರೆಸ್ಟ್ ಹಿಂದೆಯೇ ಹೋದ.

ಪರಾಸ್ಕಾ ನಲ್ಲಿ ನಿಲ್ಲಿಸಿ ಕೈ ಒರೆಸಿಕೊಳ್ಳುತ್ತಿದ್ದಳು.

"ನಿನ್ನ ತಲೆನೋವು ಮನೆಕೆಲಸದ್ದಲ್ಲ," ಎಂದ ಪ್ರೊಕಿಪ್. ಅವಳ ಮುಖ ಎಲ್ಲಿದೆ ಎಂದು ಹುಡುಕುವವನ ಹಾಗೆ ತಲೆ ಓರೆ ಮಾಡಿದ. "ಗೀಸರಿಂದು. ತಪ್ಪು ನನ್ನದು. ಚಿಮಣಿ ಎಳೀತಿಲ್ಲ, ನಾನು ನೋಡ್ಲಿಲ್ಲ. ನೀನು ದಿನಾ ಕುಡೀತಾ ಇದ್ದಿದ್ದು ಅದರ ಹೊಗೆ."

ಪರಾಸ್ಕಾ ಕೈ ಒರೆಸಿದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. ಗಂಡನ ಕಡೆ ತಿರುಗಿದಳು.

"ನಿನಗೆ ತಲೆ ನೋಯ್ತಿಲ್ವಾ ಮುದುಕಾ? ನೀನೇನು ಬೇರೆ ಗಾಳಿ ಕುಡೀತಿದ್ಯಾ?"

ಪ್ರೊಕಿಪ್ ಕುರ್ಚಿ ತಡಕಿ ಕುಳಿತ. "ನೋಯ್ತಿತ್ತು."

"ಹೇಳ್ಬಾರ್ದಿತ್ತಾ?"

"ಕಣ್ಣಿನದು ಅಂದ್ಕೊಂಡೆ. ಹೇಳಿದ್ರೆ ಪೂರ್ತಿ ಕುರುಡ ಆಗ್ತಿದ್ದೀನಿ ಅಂತ ನೀನು ಅಳ್ತೀಯ ಅಂತ."

ಓರೆಸ್ಟ್ ಒಂದೊಂದೇ ಕಿಟಕಿ ತೆರೆಯುತ್ತ ಹೋದ. ಮನೆಯೊಳಕ್ಕೆ ಚಳಿ ಚಾಕುವಿನಂತೆ ನುಗ್ಗಿತು. "ಇಬ್ಬರೂ ಕೋಟು ಹಾಕ್ಕೊಳ್ಳಿ. ಈಗಲೇ ಆಸ್ಪತ್ರೆ, ರಕ್ತ ನೋಡಿಸ್ಬೇಕು. ನಿಮ್ಮನ್ನ ಬಿಟ್ಟು ನಾನು ವಾಪಸ್ ಬರ್ತೀನಿ, ಮನೇಲಿ ನೀರು ಹೆಪ್ಪುಗಟ್ಟೋ ಮೊದಲು ಫರ್ನೇಸಿಗೆ ಸರಿಯಾದ ಲೈನು ಎಳೀತೀನಿ. ಗೀಸರು ಆಮೇಲೆ."

"ಆಸ್ಪತ್ರೇಲಿ ಇವನು ವಾದ ಮಾಡ್ತಾನೆ ನೋಡ್ತಿರು," ಎಂದಳು ಪರಾಸ್ಕಾ.

"ಮಾಡಲ್ಲ," ಎಂದ ಪ್ರೊಕಿಪ್.

ಹೊರಗಿನ ಮೆಟ್ಟಿಲುಗಳ ಮೇಲೆ ಮಂಜು ಗಾಜಾಗಿತ್ತು. ಪರಾಸ್ಕಾ ಗಂಡನ ತೋಳಿನೊಳಗೆ ಕೈ ತೂರಿಸಿ, ಒಂದೊಂದೇ ಮೆಟ್ಟಿಲು ಹೇಳುತ್ತ ಇಳಿಸಿದಳು. ಬೈಯುತ್ತಲೇ ಇದ್ದಳು. ಅವನು ಅವಳು ಹೇಳಿದಲ್ಲೇ ಕಾಲಿಡುತ್ತಿದ್ದ.